ತಮಟೆ ಬಾರಿಸಿದವರಿಗೆ ಪದ್ಮಶ್ರೀ ಬಂತು, ತಮಟೆ ಕಟ್ಟಿದವರಿಗೆ?

ಪೋಸ್ಟು ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ನಾವೆಲ್ಲ ಫೋಟೊ ಹಂಚಿಕೊಂಡು ಹೆಮ್ಮೆಪಟ್ವಿ. ಪಡಬೇಕಾದ್ದೇ. ಆದರೆ ತಮಟೆ ಬಾರಿಸುವವರ ಚರಿತ್ರೆ ಒಂದು, ಕಟ್ಟುವವರ ಚರಿತ್ರೆ ಇನ್ನೊಂದು. ಎರಡನೆಯದು ನಮ್ಮ ಭಾಷಣಗಳಲ್ಲೂ ಬರೋದಿಲ್ಲ. ಯಾಕೆ ಅಂದ್ರೆ ಅದು ವೇದಿಕೆ ಮೇಲೆ ನಡೆದ ಚರಿತ್ರೆ ಅಲ್ಲ, ಮನೆ ಹಿತ್ತಿಲಲ್ಲಿ ಗಂಡ ಹೆಂಡತಿ ಇಬ್ಬರ ಕೈಯಲ್ಲಿ ನಡೆದದ್ದು.

ನಮ್ಮ ತಾತ, ನಮ್ಮಜ್ಜಿ ಕೆಂಗೇರಿ ಕಡೆ ಎರಡು ಅಂಕಣದ ಮನೆಯಲ್ಲಿ ತಮಟೆ ಕಟ್ಟುತ್ತಿದ್ದರು. ಆಡಿನ ತೊಗಲು ತರೋದು ತಾತ. ಅದನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕಿತ್ತು, ಒಳಮೈಗೆ ಅಂಟಿದ ಮಾಂಸ, ಕೊಬ್ಬನ್ನು ರಂಪಿಗೆಯಲ್ಲಿ ಹೆರೆಯೋದು ಅಜ್ಜಿ. ಹುಣಸೆಬೀಜ ಅರೆದು ಅಂಟು ಕಾಯಿಸೋದೂ ಅಜ್ಜಿಯೇ. ಬಳೆ ಕೂಡಿಸೋದು, ತೊಗಲು ಎಳೆದು ಕಟ್ಟೋದು ತಾತ. ಒಬ್ಬರು ಬಳೆ ಹಿಡೀಬೇಕು, ಇನ್ನೊಬ್ಬರು ಎಳೀಬೇಕು. ಆಮೇಲೆ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತೆ, ಸರಿಯಾಗಿ ಒಣಗದಿದ್ದರೆ ನಾದ ಬರಲ್ಲ. ಅಜ್ಜಿ ಬೆರಳಲ್ಲಿ ಒಮ್ಮೆ ಮೀಟಿ "ಇನ್ನೂ ಹಸಿ ಐತೆ" ಅಂದ್ರೆ ಮುಗೀತು, ತಾತ ಮುಟ್ಟುತ್ತಿರಲಿಲ್ಲ. ಊರವರ ಬಾಯಲ್ಲಿ ಮಾತ್ರ ತಾತ "ತಮಟೆಯವನು", ಅಜ್ಜಿ "ತಮಟೆಯವನ ಹೆಂಡ್ತಿ".

ಈ ಇಬ್ಬರ ಕಸುಬು ನಿನ್ನೆ ಮೊನ್ನೆಯದಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರು ಅನ್ನೋ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಕತೆಯಲ್ಲೂ ಚರ್ಮ ಇಬ್ಬರದು, ಕೆಲಸ ಇಬ್ಬರದು. ಅದೇ ಕಾಲದ ವಚನಕಾರರಲ್ಲಿ ಢಕ್ಕೆಯ ಬೊಮ್ಮಣ್ಣ ಇದ್ದಾರೆ, ತಾನು ನುಡಿಸುವ ವಾದ್ಯವನ್ನೇ ಹೆಸರಾಗಿ ಇಟ್ಟುಕೊಂಡವರು. ಇವತ್ತು ಬಸವೇಶ್ವರನಗರ ಅನ್ನೋ ಬೋರ್ಡು ನೋಡಿಕೊಂಡು ದಿನಾ ಓಡಾಡ್ತೀವಿ. ಆ ಬಡಾವಣೆಯಲ್ಲಿ ಹರಳಯ್ಯ ಕಲ್ಯಾಣಮ್ಮ ಮನೆ ಬಾಡಿಗೆಗೆ ಕೇಳಿದರೆ ಎಷ್ಟು ಮಾಲೀಕರು ಕೊಡ್ತಾರೆ, ನೀವೇ ಲೆಕ್ಕ ಹಾಕಿ.

ಕಲ್ಯಾಣದ ಆಮೇಲಿನದು ಬಿಟ್ಟಿ ಚಾಕರಿಯ ಕಾಲ. ಊರಲ್ಲಿ ಡಂಗೂರ ಸಾರಬೇಕಾ, ತಮಟೆ. ಸಾವಾಯ್ತಾ, ತಮಟೆ. ಮಾರಿಹಬ್ಬವಾ, ತಮಟೆ. ಕೂಲಿ ಅಂದ್ರೆ ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಹಬ್ಬದಲ್ಲಿ ತಂಗಳು. ಬಾರಿಸಲ್ಲ ಅಂದ್ರೆ ಬಹಿಷ್ಕಾರ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಹೀನಾಯ ಚಾಕರಿ ಬಿಡಿ ಅಂದರು. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ತೋಟಿ, ತಳವಾರ, ನೀರಗಂಟಿ ಮುಂತಾದ ವಂಶಪಾರಂಪರ್ಯದ ಹುದ್ದೆಗಳು ಕಾಗದದ ಮೇಲೆ ಹೋದವು. ಊರಿನ ರೂಢಿ ಅಷ್ಟು ಬೇಗ ಹೋಗಲಿಲ್ಲ. ತಮಟೆ ಮುಟ್ಟಲ್ಲ ಅಂತ ಎಷ್ಟೋ ಕೇರಿಯವರು ಶಪಥ ಮಾಡಿದರು. ಅದು ಸರಿಯಾದ ಶಪಥ.

1970ರ ದಶಕದಲ್ಲಿ ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹೋರಾಟದ ಹಾಡಿನ ಜೊತೆ ತಮಟೆ ಮತ್ತೆ ಬೀದಿಗೆ ಬಂತು, ಈ ಸಲ ಯಾರ ಅಪ್ಪಣೆಗೂ ಅಲ್ಲ. ಅದೂ ಸರಿಯೇ. ಬಿಟ್ಟವರೂ ಸ್ವಾಭಿಮಾನಕ್ಕೇ ಬಿಟ್ಟರು, ಹಿಡಿದವರೂ ಸ್ವಾಭಿಮಾನಕ್ಕೇ ಹಿಡಿದರು. ಇವತ್ತು ಹೆಣ್ಣುಮಕ್ಕಳ ತಮಟೆ ತಂಡಗಳೂ ಇವೆ. ಬಾರಿಸೋ ಕೈಗೆ ಮರ್ಯಾದೆ ಬಂತು. ತೊಗಲು ಹೆರೆಯೋ ಕೈಗೆ?

ಇದು ತಮಟೆಯ ಕತೆ ಮಾತ್ರ ಅಲ್ಲ. ರಾಮನವಮಿ ಬಂದರೆ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಸಂಗೀತ ಕಚೇರಿ. ಅಲ್ಲಿ ಮೃದಂಗ ಇರಲೇಬೇಕು. ಮೃದಂಗದ ಬಲಗಡೆಗೆ ದನದ ಮತ್ತು ಆಡಿನ ತೊಗಲು, ಎಡಗಡೆಗೂ ಬಿಗಿಯೋ ವಾರಿಗೂ ಎಮ್ಮೆಯ ತೊಗಲು. ಈ ವಾದ್ಯ ಮಾಡೋರ ಚರಿತ್ರೆಯನ್ನು ಟಿ. ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಮಾಡಿದರು. ಮಾಡೋರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು. ಪಾಲ್ಘಾಟ್ ಮಣಿ ಅಯ್ಯರ್ ಹೆಸರು ಸಂಗೀತ ಕೇಳುವ ಎಲ್ಲರಿಗೂ ಗೊತ್ತು, ಅವರಿಗೆ ಮೃದಂಗ ಮಾಡಿಕೊಟ್ಟ ಪರ್ಲಾಂದು ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಆ ಪುಸ್ತಕದ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟು, ಆಮೇಲೆ ವಾಪಸ್ ತಗೊಂಡಿತು. ಮೃದಂಗಕ್ಕೆ ವೇದಿಕೆ ಉಂಟು, ಮೃದಂಗ ಮಾಡಿದವರ ಮಾತಿಗೆ ಇಲ್ಲ.

ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆ ಹಸು, ಎತ್ತಿನ ಜೊತೆಗೆ 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ಸೇರಿಸಿಕೊಂಡಿದೆ. ತೊಗಲು ಎಲ್ಲಿಂದ ಬರಬೇಕು ಅಂತ ಆಗ ಯಾರೂ ವಾದ್ಯ ಕಟ್ಟೋರನ್ನು ಕರೆದು ಕೇಳಿದ ನೆನಪು ನನಗಿಲ್ಲ. ಇತ್ತ ಫೈಬರ್ ತಮಟೆ ಬಂದಿದೆ. ಮಳೆಗೆ ಮೆತ್ತಗಾಗಲ್ಲ, ಬೆಂಕಿಗೆ ಕಾಯಿಸೋ ಹಂಗಿಲ್ಲ. ಬಾರಿಸೋರಿಗೆ ಅನುಕೂಲವೇ, ನಾನು ಬೇಡ ಅನ್ನಲ್ಲ. ಆದರೆ ಪ್ರತಿ ಫೈಬರ್ ತಮಟೆ ಬಂದಾಗಲೂ ಒಂದು ಮನೆಯ ಕೆಲಸ ಸದ್ದಿಲ್ಲದೆ ನಿಲ್ಲುತ್ತೆ.

ಈಗ ಇವತ್ತಿನ ಮಾತು. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಓದಿದ ಗಂಡ ಹೆಂಡತಿ ಸೇರಿ ಮನೆಯಲ್ಲೇ ಗಿಟಾರಿಗೆ ಪಟ್ಟಿ ಹೊಲಿದು, ಪೆಡಲ್ ಮಾಡಿ ಮಾರಿದರೆ ನಾವು ಅದನ್ನು 'ಹ್ಯಾಂಡ್‌ಮೇಡ್' ಅಂತೀವಿ. ಕೈಯಲ್ಲಿ ಮಾಡಿದ್ದು ಅಂತಲೇ ನಾಲ್ಕು ಕಾಸು ಜಾಸ್ತಿ ಕೊಡ್ತೀವಿ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ದುಡಿದು ತಿನ್ನೋರು ಅವರು. ಆದರೆ ನಮ್ಮಜ್ಜಿ ತಾತ ಮಾಡಿದ್ದೂ ಕೈಯಲ್ಲೇ, ಮನೆಯಲ್ಲೇ. ಅವರಿಗೆ ಅದೇ ಕಾರಣಕ್ಕೆ ರೇಟು ಇಳೀತು. "ವಾಸನೆ ಬರುತ್ತೆ" ಅಂತ ಬಾಡಿಗೆ ಮನೆ ಎರಡು ಸಲ ಬಿಡಿಸಿದರು. ಕೈಕೆಲಸ ಅನ್ನೋ ಒಂದೇ ಮಾತು ಒಬ್ಬರಿಗೆ ಬೆಲೆ, ಇನ್ನೊಬ್ಬರಿಗೆ ಕಳಂಕ. ಜಾತಿ ಕೆಲಸ ಮಾಡೋದು ಹೀಗೆ.

ಆಫೀಸಲ್ಲಿ ಅರ್ಜಿ ನೋಡೋದೇ ನನ್ನ ಕೆಲಸ ಆದ್ದರಿಂದ ಇನ್ನೊಂದು ವಿಷಯ ಹೇಳ್ತೀನಿ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ತಂತು. ಕೈಕಸುಬಿನವರಿಗೆ ತರಬೇತಿ, ಸಲಕರಣೆ, ಕಡಿಮೆ ಬಡ್ಡಿ ಸಾಲ. ಪಟ್ಟಿಯಲ್ಲಿ 18 ಕಸುಬು. ಬಡಗಿ, ಕಮ್ಮಾರ, ಕುಂಬಾರ, ಚಪ್ಪಲಿ ಹೊಲಿಯುವವರು, ಗೊಂಬೆ ಮಾಡುವವರು, ಹೂಮಾಲೆ ಕಟ್ಟುವವರು ಎಲ್ಲ ಇದ್ದಾರೆ. ವಾದ್ಯ ಮಾಡುವವರು ಇಲ್ಲ. ತಮಟೆ ಕಟ್ಟೋನು ಅರ್ಜಿ ಹಾಕಬೇಕು ಅಂದ್ರೆ ಬೇರೆ ಕಸುಬಿನ ಹೆಸರು ಬರೆಯಬೇಕು. ಅದರ ಮೇಲೆ ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ಅಂದ್ರೆ ಪಟ್ಟಿಗೆ ಸೇರಿಸಿದರೂ ತಾತನ ಹೆಸರು ಬರುತ್ತೆ, ಅಜ್ಜಿ ಮತ್ತೆ "ತಮಟೆಯವನ ಹೆಂಡ್ತಿ"ಯೇ. ಹಳೇ ಚರಿತ್ರೆ ಹೊಸ ಫಾರಮ್ಮಿನಲ್ಲಿ ಮುಂದುವರೀತಾ ಇದೆ.

ಗೆಳೆಯರೇ, ಏನು ಮಾಡಬಹುದು? ಒಂದು, ವಾದ್ಯ ತಯಾರಿಕೆಯನ್ನು ಆ ಪಟ್ಟಿಗೆ ಸೇರಿಸಿ, ಗಂಡ ಹೆಂಡತಿ ಇಬ್ಬರನ್ನೂ ಕುಶಲಕರ್ಮಿ ಅಂತ ನೋಂದಾಯಿಸಿ ಅಂತ ನಮ್ಮ ಸಂಘಟನೆಗಳ ಮನವಿಪತ್ರದಲ್ಲಿ ಬರೆಯೋಣ. ಎರಡು, ನಮ್ಮ ಸರ್ಕಾರದ ಲಿಡ್ಕರ್ 1976ರಿಂದ ಇದೆ. ಚಪ್ಪಲಿ, ಬ್ಯಾಗಿನ ಜೊತೆಗೆ ತಮಟೆಯನ್ನೂ ಮಾರಲಿ ಅಂತ ಕೇಳೋಣ. ಮೂರು, ಇದಕ್ಕೆ ಸರ್ಕಾರ ಬೇಕಿಲ್ಲ: ಏಪ್ರಿಲ್ 14ಕ್ಕೆ ತಮಟೆ ತರಿಸುವಾಗ ಕಟ್ಟಿದವರು ಯಾರು ಅಂತ ಕೇಳಿ, ಚೌಕಾಸಿ ಮಾಡದೆ ದುಡ್ಡು ಕೊಟ್ಟು, ಇಬ್ಬರ ಹೆಸರನ್ನೂ ಮೈಕಲ್ಲಿ ಹೇಳೋಣ.

ನಿಮ್ಮ ಊರಲ್ಲಿ, ಕೇರಿಯಲ್ಲಿ ಇನ್ನೂ ತಮಟೆ, ಹಲಗೆ ಕಟ್ಟೋ ಮನೆ ಇದ್ದರೆ ಅವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಕೆಳಗೆ ಬರೀರಿ. ಹೆಂಗಸಿನ ಹೆಸರು ಮೊದಲು ಬರೀರಿ.

ಜೈಭೀಮ್.