ಕಾಳಿಯ ದಂಡೆಯಿಂದ ಅಂಕೋಲೆಯ ಗದ್ದೆಗಳಿಗೆ

ಕಾರವಾರದಿಂದ ಕಾಳಿ ನದಿಯ ದಂಡೆಯ ಹಾದಿ ಹಿಡಿದು ಸೈಕಲ್ಲು ತುಳಿಯುತ್ತ ಕದ್ರೆಗೆ ಸಾಗುವ ಪಥಿಕನು, ಸಹ್ಯಾದ್ರಿಯ ಶ್ಯಾಮಲ ಶಿಖರಗಳ ನಡುವೆ ಪವಡಿಸಿರುವ ವಿಶಾಲ ಜಲರಾಶಿಯನ್ನು ಕಂಡು, ಅದನ್ನು ಅನಾದಿ ಕಾಲದ ಸರೋವರವೆಂದೇ ಭ್ರಮಿಸುವನು. ವಸ್ತುತಃ ಅದು ಕಳೆದ ಶತಮಾನದ ಕೊನೆಯ ದಶಕದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ನಿಂತ ನೀರು. 1880ರ ದಶಕದ ಆರಂಭದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಬೆಳುದಿಂಗಳಲ್ಲಿ ದೋಣಿಯೇರಿ ವಿಹರಿಸಿದುದು ತಡೆಯಿಲ್ಲದೆ ಹರಿಯುತ್ತಿದ್ದ ಕಾಳಿಯಲ್ಲಿ. ಆ ನದಿಯ ನೆನಪಿಲ್ಲದೆ ಈ ಜಲಾಶಯವನ್ನು ನೋಡುವುದು ಅರ್ಧ ನೋಟವೆಂದೇ ನನ್ನ ಭಾವನೆ.

ಕಾರವಾರದಿಂದ ದಕ್ಷಿಣಕ್ಕೆ ತಿರುಗಿದರೆ ಬಿಣಗಾ, ಅರಗಾ, ಅವರ್ಸಾ ಎಂಬ ಊರುಗಳು. 1986ರಲ್ಲಿ ಶಂಕುಸ್ಥಾಪನೆಗೊಂಡ ನೌಕಾನೆಲೆಗಾಗಿ ಈ ಕರಾವಳಿಯ ಅನೇಕ ಕುಟುಂಬಗಳು ಗದ್ದೆ, ತೋಟ, ದೈವಸ್ಥಾನಗಳನ್ನು ತೊರೆದು ಹೋದವು. ಅವರ ತ್ಯಾಗವನ್ನು ಸಾರುವ ಫಲಕವೊಂದು ಹೆದ್ದಾರಿಯ ಪ್ರತಿಯೊಂದು ತಿರುವಿನಲ್ಲಿಯೂ ಇರಬೇಕಿತ್ತು.

ಅಂಕೋಲೆಯ ನೆಲವೋ ಉಪ್ಪಿನದು, ಅನ್ನದ್ದೂ ಹೌದು. ಸಮುದ್ರದ ಉಬ್ಬರವನ್ನು ಮಣ್ಣಿನ ಒಡ್ಡುಗಳಿಂದ ತಡೆದು, ಮಳೆಗಾಲದ ಸಿಹಿನೀರಿನಿಂದ ಲವಣಾಂಶವನ್ನು ತೊಳೆದು ಬತ್ತ ಬೆಳೆಯುವ ಗಜನಿ ಬೇಸಾಯವು ಇಲ್ಲಿಯ ರೈತರ ಪರಂಪರಾಗತ ವಿದ್ಯೆ. ಬ್ರಿಟಿಷರ ಉಪ್ಪಿನ ಕಾಯಿದೆಯನ್ನು 1930ರ ಏಪ್ರಿಲ್ 13ರಂದು ಮುರಿದ ಈ ಊರಿನ ಒಕ್ಕಲಿಗರೇ ಮುಂದೆ ಕರನಿರಾಕರಣೆಗೆ ನಿಂತು ಜಮೀನುಗಳನ್ನು ಕಳೆದುಕೊಂಡರು. ಈ ಹಾದಿಯಲ್ಲಿ ಬರುವ ಸವಾರರೇ, ಗಜನಿಯ ಒಡ್ಡಿನ ಬಳಿ ಒಂದು ಕ್ಷಣ ಇಳಿದು ನಡೆಯಿರಿ.