ಮಿಶ್ರವರ್ಷದ ಎಂಜಿನ್ ಜೋಡಣೆ

ಹಳೆಯ ಮೋಟಾರ್‌ಸೈಕಲ್ಲಿನ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವಾಗ ಅದೇ ಕಂಪನಿಯ ಬೇರೆ ಬೇರೆ ವರ್ಷಗಳ ಬಿಡಿಭಾಗಗಳನ್ನು ಕೂಡಿಸುವ ಕ್ರಮ. ಮೂಲ ಭಾಗಗಳ ತಯಾರಿಕೆ ನಿಂತಿರುವುದು ಇದಕ್ಕೆ ಮುಖ್ಯ ಕಾರಣ. ಇಂಗ್ಲೆಂಡಿನ ಮೆರಿಡೆನ್‌ನಲ್ಲಿ ತಯಾರಾದ ಟ್ರಯಂಫ್ ಅವಳಿ ಸಿಲಿಂಡರ್ ಎಂಜಿನ್ ಇದರ ತೊಡಕುಗಳಿಗೆ ಸ್ಪಷ್ಟ ನಿದರ್ಶನ. ಗೇರ್‌ಬಾಕ್ಸ್ ಒಂದೇ ಕವಚದೊಳಗೆ ಸೇರಿದ 1963ರ 650 ಸಿಸಿ ಮಾದರಿಯ ಹೆಡ್ಡಿಗೆ 9 ಬೋಲ್ಟುಗಳು, 1973ರ 750 ಸಿಸಿ ಮಾದರಿಗೆ 10. ಒಂದರ ಹೆಡ್ ಇನ್ನೊಂದಕ್ಕೆ ಕೂರದು. 1960ರ ದಶಕದ ಕೊನೆಗೆ ಥ್ರೆಡ್‌ಗಳು ಬ್ರಿಟಿಷ್ ಸೈಕಲ್ ಮಾನದಿಂದ ಯೂನಿಫೈಡ್ ಮಾನಕ್ಕೆ ಹಂತಹಂತವಾಗಿ ಬದಲಾದವು. 5/16 ಅಂಗುಲದ ಬೋಲ್ಟಿನಲ್ಲಿ ಮೊದಲು ಅಂಗುಲಕ್ಕೆ 26 ಸುತ್ತುಗಳಿದ್ದು ಆಮೇಲೆ 24 ಆದವು. ದಪ್ಪ ಒಂದೇ ಆದ್ದರಿಂದ ನಟ್ಟು ಒಂದೆರಡು ಸುತ್ತು ಹಿಡಿಯುತ್ತದೆ, ಬಲವಾಗಿ ಬಿಗಿದರೆ ಥ್ರೆಡ್ ಹಾಳಾಗುತ್ತದೆ. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಕೊರೆಯಲಾಗುತ್ತಿತ್ತು. ಬೇರೆ ಎಂಜಿನ್ನಿನ ಹೋಳು ಸೇರಿಸಿದರೆ ಬೇರಿಂಗುಗಳು ಒಂದೇ ಸಾಲಿಗೆ ಬರದೆ ಕ್ರ್ಯಾಂಕ್‌ಶಾಫ್ಟ್ ಬಿಗಿಯಾಗುವ ಸಂಭವವಿದ್ದು, ಮಿಶ್ರಣಗಳಲ್ಲಿ ಇದೇ ಹೆಚ್ಚು ಅಪಾಯಕಾರಿ. ಭಾರತದಲ್ಲಿ ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ದಾಖಲಾಗಿರುವುದರಿಂದ ಸಂಖ್ಯೆ ಕೊರೆದ ಹೋಳನ್ನು ಬದಲಿಸಲು ಆರ್‌ಟಿಒ ಒಪ್ಪಿಗೆ ಅಗತ್ಯ.