ಅಮಲ್ದಾರನ ಕೆಲಸಕ್ಕೆ ಅಳತೆಗೋಲು ಯಾವುದು?

ಜಿಲ್ಲಾ ಮಟ್ಟದ ಕೆಡಿಪಿ ಸಭೆಯನ್ನು ಒಮ್ಮೆ ನೋಡಿದವರಿಗೂ ಅದರ ರೀತಿ ತಿಳಿದಿರುತ್ತದೆ. ಕೃಷಿ, ಆರೋಗ್ಯ, ಶಿಕ್ಷಣ ಇಲಾಖೆಗಳ ಮುಖ್ಯಸ್ಥರು ಒಬ್ಬೊಬ್ಬರಾಗಿ ಎದ್ದು ನಿಂತು ಗುರಿ ಎಷ್ಟು, ಸಾಧನೆ ಎಷ್ಟು, ಶೇಕಡಾ ಎಷ್ಟು ಎಂದು ಒಪ್ಪಿಸುತ್ತಾರೆ. ಅಧಿಕಾರಿಯ ಕೆಲಸವನ್ನು ಅಂಕಿಗಳಲ್ಲಿ ಅಳೆಯುವ ಈ ಪದ್ಧತಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಹೊಸದೇನಲ್ಲ. ಹಾಗೆ ಅಳೆಯಲು ಹೋಗಿ ಒಂದು ಸರ್ಕಾರವೇ ಅಧಿಕಾರ ಕಳೆದುಕೊಂಡ ಉದಾಹರಣೆಯೂ ಮೈಸೂರಿನ ಇತಿಹಾಸದಲ್ಲಿದೆ.

ಇಲಾಖೆಗಳ ಕಥೆ ಆರಂಭವಾಗುವುದು ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ವಿಂಗಡಿಸಿದರು. ಅದೇ ‘ಅಠಾರಾ ಕಚೇರಿ’. ಇವುಗಳ ಅಧಿಕಾರಿಗಳ ಮೇಲೆ ನಿಗಾ ಇಡಲು ಅರಸರು ಅಂಚೆಯನ್ನು ಬಳಸಿಕೊಂಡರು. ಅಂಚೆಯವರು ಓಲೆ ಸಾಗಿಸುವುದರ ಜೊತೆಗೆ ತಮ್ಮ ಸೀಮೆಯಲ್ಲಿ ಗುಟ್ಟಾಗಿ ನಡೆಯುವ ವ್ಯವಹಾರಗಳನ್ನೂ ಅರಮನೆಗೆ ತಿಳಿಸುತ್ತಿದ್ದರು. ಇಂದಿನ ‘ಗೋಪ್ಯ ವರದಿ’ಯ ಪೂರ್ವಜ ಇದೇ ಎನ್ನಬಹುದು.

ಮೆಚ್ಚುಗೆಗೆ ಪಾತ್ರರಾದವರಿಗೆ ಜಹಗೀರು ಸಿಗುತ್ತಿತ್ತು. ಹೈದರಾಲಿ ಮಳವಳ್ಳಿಯನ್ನು ಮಗ ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದ. ಅದು ಮಗನಿಗೆ ಸಂದ ಪಾಲಾದರೆ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ದೊರೆತ ಯಳಂದೂರು ಜಹಗೀರು ಸೇವೆಗೆ ಸಂದ ಬಹುಮಾನ.

ಹಳ್ಳಿಯ ಲೆಕ್ಕವೇ ಬೇರೆ. ಕೆರೆ ನೀರನ್ನು ಗದ್ದೆಗಳಿಗೆ ಹಂಚುವ ನೀರಗಂಟಿ, ಕಾವಲಿನ ತಳವಾರ, ತೋಟಿ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದ ರಾಶಿಯಿಂದಲೇ ಆಯ ಅಳೆದುಕೊಡುತ್ತಿದ್ದರು. ನೀರು ಸರಿಯಾಗಿ ಹರಿಯಿತೇ ಎಂಬುದಕ್ಕೆ ಆ ರಾಶಿಯೇ ಸಾಕ್ಷಿ. ಕೆಲಸದ ಫಲ ಕಂಡವನೇ ಕೂಲಿಯನ್ನೂ ಅಳೆಯುತ್ತಿದ್ದ. ಆದರೆ ಈ ಹುದ್ದೆಗಳು ವಂಶಪಾರಂಪರ್ಯವಾಗಿದ್ದವು, ಜಾತಿಗೆ ಅಂಟಿಕೊಂಡಿದ್ದವು; ದಣಿಗಳು ಹೇಳಿದ ಬಿಟ್ಟಿ ದುಡಿಮೆಗೂ ಎಡೆಯಿತ್ತು ಎಂಬುದನ್ನು ಮರೆಯುವಂತಿಲ್ಲ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗರ ವಂಶಪಾರಂಪರ್ಯ ಅಧಿಕಾರ ಕೊನೆಗೊಂಡಿತು.

ತಾಲ್ಲೂಕಿನ ಮುಖ್ಯಸ್ಥನಾದ ಅಮಲ್ದಾರನ ವಿಷಯದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ‘ಷರತ್ತು’ ಪದ್ಧತಿ ಬಳಕೆಗೆ ಬಂತು. ಅಮಲ್ದಾರ ವರ್ಷಕ್ಕೆ ಇಷ್ಟು ಕಂದಾಯ ಕಟ್ಟುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಸರ್ಕಾರಕ್ಕೆ ಒಪ್ಪಿಸಬೇಕು. ಒಪ್ಪಿಕೊಳ್ಳುವ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷಕ್ಕಿಂತ ಹೆಚ್ಚೇ. ರೈತರನ್ನು ಪೀಡಿಸುವುದಿಲ್ಲ ಎಂಬ ಮಾತೂ ಅದೇ ಮುಚ್ಚಳಿಕೆಯಲ್ಲಿರುತ್ತಿತ್ತು. ಆದರೆ ಲೆಕ್ಕಕ್ಕೆ ಬರುತ್ತಿದ್ದುದು ಕಂದಾಯದ ಅಂಕಿ ಮಾತ್ರ. ಮಳೆ ಕೈಕೊಟ್ಟರೂ ಗುರಿ ಬದಲಾಗದು. ಹೊರೆಯೆಲ್ಲ ರೈತನ ಬೆನ್ನಿಗೆ.

1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. 1831ರಲ್ಲಿ ಬ್ರಿಟಿಷರು ಅರಸರಿಂದ ಆಡಳಿತವನ್ನು ಕಿತ್ತುಕೊಂಡರು. ಇದಕ್ಕೆ ಬೇರೆ ಕಾರಣಗಳೂ ಇದ್ದವು; ಆದರೂ ಮುಂದೆ ನಡೆದ ವಿಚಾರಣೆಯಲ್ಲಿ ಷರತ್ತು ಪದ್ಧತಿಯ ದೋಷಗಳು ವಿವರವಾಗಿ ಬಯಲಾದವು.

ಐವತ್ತು ವರ್ಷಗಳ ನಂತರ, 1881ರಲ್ಲಿ, ಆಡಳಿತ ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ತಾಲ್ಲೂಕುಗಳ ಪ್ರತಿನಿಧಿಗಳು ದಸರಾ ಸಮಯದಲ್ಲಿ ಮೈಸೂರಿಗೆ ಬಂದು ದಿವಾನರ ಮುಂದೆಯೇ ಕುಂದುಕೊರತೆ ಹೇಳಿಕೊಳ್ಳುವ ಅವಕಾಶ ದೊರೆಯಿತು. ಅಧಿಕಾರಿಯನ್ನು ಅಳೆಯುವ ಕೋಲಿನ ಒಂದು ತುದಿ ಪ್ರಜೆಯ ಕೈಗೂ ಸಿಕ್ಕಿತು. 1891ರಿಂದ ಉನ್ನತ ಹುದ್ದೆಗಳಿಗೆ ಸ್ಪರ್ಧಾ ಪರೀಕ್ಷೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವ ಹೊತ್ತಿಗೆ ಅಧಿಕಾರಿಯೆಂದರೆ ತಿಂಗಳ ಸಂಬಳದ ನೌಕರನೇ.

ಇಂದು ಸಂಬಳ ನಿಗದಿಯಾಗುವುದು ಹುದ್ದೆ ಮತ್ತು ಸೇವಾವಧಿಯ ಮೇಲೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲವೇತನ 27,000 ರೂಪಾಯಿ, ಗರಿಷ್ಠ 2,41,200 ರೂಪಾಯಿ. ಕೆಲಸದ ಮೌಲ್ಯಮಾಪನ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಪ್ರತ್ಯೇಕವಾಗಿ ನಡೆಯುತ್ತದೆ. ಅದನ್ನು ಬರೆಯುವವರು ಮೇಲಧಿಕಾರಿಗಳು.

ಇವೆರಡನ್ನೂ ಜನರ ಅನುಭವದೊಂದಿಗೆ ಜೋಡಿಸಲು ಯತ್ನಿಸಿದ್ದು 2012ರಲ್ಲಿ ಜಾರಿಯಾದ ‘ಸಕಾಲ’. ಜಾತಿ ಪ್ರಮಾಣಪತ್ರವೋ ಪಡಿತರ ಚೀಟಿಯೋ ನಿಗದಿತ ಅವಧಿಯಲ್ಲಿ ಸಿಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೊಡಬೇಕು. ಅದನ್ನು ತಪ್ಪಿತಸ್ಥ ನೌಕರನ ಸಂಬಳದಿಂದ ವಸೂಲು ಮಾಡಬಹುದು. ಮೊತ್ತ ಸಣ್ಣದು, ತತ್ವ ದೊಡ್ಡದು.

ಅಳತೆಯೇ ಇಲ್ಲದ ಆಡಳಿತ ಸಡಿಲವಾಗುತ್ತದೆ, ನಿಜ. ಆದರೆ ಮೇಲಿನವರಿಗೆ ಬೇಕಾದ ಅಂಕಿಯನ್ನಷ್ಟೇ ಅಳೆದರೆ ಏನಾಗುತ್ತದೆ ಎಂಬುದನ್ನು ಷರತ್ತು ಪದ್ಧತಿ ತೋರಿಸಿಕೊಟ್ಟಿದೆ. ಕೆಡಿಪಿ ಸಭೆಯಲ್ಲಿ ‘ಶೇಕಡಾ ನೂರು ಸಾಧನೆ’ ಎಂಬ ಮಾತು ಕೇಳಿಬಂದಾಗ, ಮಳವಳ್ಳಿಯ ಕಡೇ ಗದ್ದೆಗೆ ನೀರು ತಲುಪಿತೇ ಎಂದು ಕೇಳುವವರೂ ಅಲ್ಲಿರಬೇಕು.